ನಲವತ್ತೇಳನೇ ದಡಿ

ರಬಕವಿಯ ಶಿವಯೋಗೆಪ್ಪ ಸಾಹುಕಾರರ ಸೀರೆ ಕಂಪನಿಯಲ್ಲಿ ಹತ್ತು ವರ್ಷ ದುಡಿದ ಮೇಲೂ ಲಗಮಣ್ಣನ ಕೆಲಸಕ್ಕೊಂದು ಸರಿಯಾದ ಹೆಸರು ಹುಟ್ಟಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನು ಸೇರಿದ ದಿನ ಬರೆದಂತೆ ‘ಕಾರ್ಡ್ ಹೊಡೆಯುವವ’ ಎಂದೇ ಇತ್ತು. ಓಣಿಯವರ ಬಾಯಲ್ಲಿ ಅವನು ಕಂಪ್ಯೂಟರ್ ಲಗಮಣ್ಣ. ಚಿಮ್ಮಡದಲ್ಲಿದ್ದ ಅವನ ಮನೆಯವರಿಗಂತೂ ಮಗ ಮಾಡುವುದೇನು ಎಂಬುದು ಕೊನೆತನಕ ಬಗೆಹರಿಯಲಿಲ್ಲ. ಅಪ್ಪ ಕರೆಪ್ಪ ಕುರಿ ಕಾಯ್ದವನು, ಅಜ್ಜನೂ ಕುರಿ ಕಾಯ್ದವನೇ. ಬೀರೇಶ್ವರನ ಗುಡಿಗೆ ಹೋಗಿ ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದರೆ ವರ್ಷದ ಚಿಂತೆ ಅರ್ಧ ಇಳಿಯಿತು ಅನ್ನುವ ಮಂದಿ. ಇಡೀ ದಿನ ನೆರಳಲ್ಲಿ ಕೂತು ಮಾಡುವುದನ್ನು ಅವರು ಕೆಲಸ ಅಂತ ಒಪ್ಪಬೇಕಾದರೆ ಹೇಗೆ?

ಲಗಮಣ್ಣ ನಿಧಾನದ ಮನುಷ್ಯ. ಮಾತಾಡುವುದೂ ನಿಧಾನ, ರೊಟ್ಟಿ ತಿನ್ನುವುದೂ ನಿಧಾನ. ಜಮಖಂಡಿಯಲ್ಲಿ ಐಟಿಐ ಓದುವಾಗ ಅವನ ಜೊತೆಯವರು ಮೂರು ಸಲ ರೇಡಿಯೊ ಬಿಚ್ಚಿ ಜೋಡಿಸುವಷ್ಟರಲ್ಲಿ ಇವನು ಒಂದು ಸಲ ಬಿಚ್ಚುತ್ತಿದ್ದ. ಆದರೆ ಇವನು ಜೋಡಿಸಿದ್ದು ಮಾತ್ರ ಹಾಡುತ್ತಿತ್ತು. ಈ ಗುಣ ಕಂಡೇ ಸಾಹುಕಾರರು ಅವನನ್ನು ಕಾರ್ಡ್ ಹೊಡೆಯುವ ಯಂತ್ರಕ್ಕೆ ಕೂಡಿಸಿದ್ದರು.

ಕಾರ್ಡ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಅನ್ನುತ್ತಾರೆ. ದಡಿಯ ಮೇಲಿನ ಗಿಣಿ, ಗೋಪುರ, ರುದ್ರಾಕ್ಷಿ ಎಲ್ಲ ಮೊದಲು ಚೌಕಳಿ ಕಾಗದದ ಮೇಲೆ ಹುಟ್ಟಬೇಕು. ಆ ಕಾಗದದ ಒಂದೊಂದು ಗೆರೆಗೂ ಒಂದೊಂದು ದಪ್ಪ ರಟ್ಟಿನ ಪಟ್ಟಿ. ಅದರಲ್ಲಿ ಎಲ್ಲಿ ತೂತು ಇದೆಯೋ ಅಲ್ಲಿ ಮಗ್ಗ ಎಳೆ ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಈ ಪಟ್ಟಿಗಳನ್ನು ಸಾಲಾಗಿ ಹೊಲಿದು ಮಗ್ಗದ ತಲೆಯ ಮೇಲೆ ತೂಗುಬಿಟ್ಟರೆ ಆಯಿತು, ಮಗ್ಗಕ್ಕೆ ಬುದ್ಧಿ ಬಂದಂತೆ. ತೊಂಬತ್ತೆಂಟರಲ್ಲಿ ಕಂಪನಿಗೆ ಕಂಪ್ಯೂಟರ್ ಬಂದ ಮೇಲೆ ಚೌಕಳಿ ಕಾಗದ ಹೋಗಿ ಪರದೆ ಬಂತು. ಬರೆದ ದಡಿಗಳೆಲ್ಲ ಹಿಂದಿನ ಕೋಣೆಯ ಎರಡು ದೊಡ್ಡ ಸರ್ವರ್‌ಗಳ ಹೊಟ್ಟೆ ಸೇರತೊಡಗಿದವು. ಅವುಗಳಿಗೆ ಕಂಪನಿಯವರು ಇಟ್ಟ ಹೆಸರು ದೊಡ್ಡಕ್ಕ ಮತ್ತು ಸಣ್ಣಕ್ಕ.

ಎರಡು ಸಾವಿರದ ಎಂಟರ ಹೊತ್ತಿಗೆ ಅಕ್ಕಂದಿರಿಬ್ಬರಿಗೂ ವಯಸ್ಸಾಗಿತ್ತು. ಕರೆಂಟು ಹೋಗಿ ಬಂದರೆ ದೊಡ್ಡಕ್ಕ ಒಂದು ತಾಸು ತನ್ನ ಮೈ ತಾನೇ ತಡವಿ ನೋಡಿಕೊಳ್ಳುತ್ತ ಕೂಡುವಳು, ಅಷ್ಟು ಹೊತ್ತು ಯಾರಿಗೂ ಒಂದು ಫೈಲೂ ಸಿಗದು. ಸಣ್ಣಕ್ಕನಿಗೆ ಯಾರು ಪೆನ್ ಡ್ರೈವ್ ತಂದರೂ ಅವರ ರೋಗ ಅಂಟುವುದು. ಬಿಡಿಭಾಗ ಕೇಳಿದರೆ ಹುಬ್ಬಳ್ಳಿಯ ಅಂಗಡಿಯವನು ನಕ್ಕ. ಲಗಮಣ್ಣನ ಹತ್ತಿರ ಇದಕ್ಕೊಂದು ಉಪಾಯವಿತ್ತು. ಎರಡು ವರ್ಷದ ಹಿಂದೆ ಕೊಂಡ ಒಂದು ಮಾಸಪತ್ರಿಕೆಯ ಜೊತೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿಡಿ ಪುಕ್ಕಟೆ ಬಂದಿತ್ತು. ಕಂಪನಿ ಎಸೆದ ಹಳೆ ಕಂಪ್ಯೂಟರೊಂದನ್ನು ಮನೆಯ ಜೋಳದ ಚೀಲಗಳ ಪಕ್ಕದಲ್ಲಿಟ್ಟು, ಅವನು ಅದನ್ನು ಹಾಕುವುದು, ಕೆಡಿಸುವುದು, ಮತ್ತೆ ಹಾಕುವುದು ಮಾಡುತ್ತಲೇ ಬಂದಿದ್ದ. ಹೆಂಡತಿ ತಂಗೆವ್ವನಿಗೆ ಅದರ ಮೇಲೆ ಕೋಪವೇನೂ ಇರಲಿಲ್ಲ. ಗಂಡ ಇಸ್ಪೀಟಿಗೆ ಹೋಗುವುದಕ್ಕಿಂತ ಇದು ಮೇಲು ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

ಒಂದು ದಿನ ಲಗಮಣ್ಣ ಸಾಹುಕಾರರ ಮುಂದೆ ನಿಂತು, ಅಕ್ಕಂದಿರನ್ನು ಕೆಳಗಿಳಿಸಿ ಹೊಸ ಯಂತ್ರದ ಮೇಲೆ ಲಿನಕ್ಸ್ ಹಾಕೋಣ, ದಡಿಗಳನ್ನೆಲ್ಲ ಅಲ್ಲಿಗೆ ಸಾಗಿಸೋಣ ಎಂದ. ಸಾಹುಕಾರರು ತಲೆ ಎತ್ತದೆ, ಮೂರು ಸಾವಿರ ದಡಿ ಇವೆ, ಅವೇ ನನ್ನ ಕಂಪನಿ, ಕಟ್ಟಡ ಸುಟ್ಟರೂ ಚಿಂತೆಯಿಲ್ಲ, ಅವು ಹೋದರೆ ನಾನು ಕಿರಾಣಿ ಅಂಗಡಿ ಇಡಬೇಕು ಅಂದರು. ಲಗಮಣ್ಣ ಸಾಮಾನ್ಯವಾಗಿ ಮಾತು ಕೊಡುವವನಲ್ಲ. ಆವತ್ತು ಕೊಟ್ಟ.

“ಒಂದ ಒಂದು ದಡಿ ಕಳದ್ರೂ, ನೀವು ಹೋಗು ಅನ್ನೂದ್ರೊಳಗ ನಾನ ಚಿಮ್ಮಡದ ಹಾದಿ ಹಿಡಿತೇನ್ರಿ ಸಾವ್ಕಾರ್ರ.”

“ನೀ ಹೋದ್ರ ನನಗೇನು ಬರ್ತೈತಿ? ದಡಿ ಬರ್ತಾವೇನು? ಕಳೀಬ್ಯಾಡ, ಅಷ್ಟ.”

ಒಪ್ಪಿಗೆ ಸಿಕ್ಕಂತಾಯಿತು. ಆದರೆ ಆಡಿದ ಮಾತು ಆಡಿದ್ದೇ. ಲಗಮಣ್ಣನ ಮನೆತನದಲ್ಲಿ ಮಾತಿಗೆ ತಪ್ಪಿದವನಿಗೆ ಬೀರಪ್ಪನ ಗುಡಿ ಮೆಟ್ಟಿಲು ಹತ್ತಲು ಕಾಲು ಬರುವುದಿಲ್ಲ.

ಈ ಮೂರು ಸಾವಿರದಲ್ಲಿ ಅರ್ಧಕ್ಕೂ ಹೆಚ್ಚು ದಡಿಗಳು ಬೇರೆ ಊರಿನ ಸೀರೆ ನೋಡಿ ನಕಲು ತೆಗೆದವು. ಅದನ್ನು ಯಾರೂ ಮುಚ್ಚಿಡುವುದಿಲ್ಲ, ಎಲ್ಲರೂ ಎಲ್ಲರದನ್ನೂ ತೆಗೆಯುತ್ತಾರೆ. ಆದರೆ ಡಿಸೈನ್ ಮಾಸ್ತರ ಪಾಂಡಪ್ಪ ತನ್ನ ತಲೆಯಿಂದಲೇ ಬರೆದವು ನೂರಾ ಎಂಬತ್ತಾರು ಇದ್ದವು. ಕಂಪನಿಯ ಹೆಸರು ನಿಂತಿದ್ದು ಅವುಗಳ ಮೇಲೆ. ಪಾಂಡಪ್ಪನಿಗೆ ಅರವತ್ತು ಮುಟ್ಟಿತ್ತು, ಹೆಂಡತಿ ರತ್ನಾಬಾಯಿ ತೀರಿಕೊಂಡು ಎರಡು ವರ್ಷವಾಗಿತ್ತು, ಬರುವ ಯುಗಾದಿಗೆ ಕೆಲಸ ಬಿಡುವವನಿದ್ದ. ಬಿಗಿ ಬಾಯಿಯ ಮನುಷ್ಯ. ತಾನು ಕೂತ ಪರದೆಯತ್ತ ಯಾರಾದರೂ ಬಂದರೆ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಲ್ಲುವನು. ಅವನ ದಡಿಗಳ ಕಾರ್ಡ್ ಯಾವಾಗ ಹೊಡೆಯಬೇಕಾದರೂ ಅವನೇ ಫೈಲು ತೆಗೆದು ಕೊಡಬೇಕು. ಮಾಸ್ತರನ ಗತ್ತು ಅಂತ ಎಲ್ಲರೂ ಸುಮ್ಮನಿದ್ದರು.

ಶ್ರಾವಣದ ಅಮಾವಾಸ್ಯೆ ದಿನ ಮಗ್ಗಗಳು ನಿಂತಿದ್ದಾಗ ಲಗಮಣ್ಣ ಸಾಗಾಣಿಕೆ ಮಾಡಿದ. ಹೊಸ ಯಂತ್ರಕ್ಕೆ ಕಾಯಿ ಒಡೆದು, ಅದರ ನೆತ್ತಿಗೊಂದು ಚಿಟಿಕೆ ಭಂಡಾರ ಹಚ್ಚಿ, ದೊಡ್ಡಕ್ಕನ ಪರದೆಯಲ್ಲಿ ಕಂಡ ಫೋಲ್ಡರುಗಳನ್ನೆಲ್ಲ ಆರಿಸಿ ಒಂದೊಂದಾಗಿ ಆಚೆ ಕಳಿಸಿದ. ಆಮೇಲೆ ಸಣ್ಣಕ್ಕ. ಸಂಜೆ ಎರಡೂ ಕಡೆ ಎಣಿಸಿದ. ಇತ್ತ ಮೂರು ಸಾವಿರದ ನೂರಾ ಹದಿನೆಂಟು, ಅತ್ತಲೂ ಅಷ್ಟೇ. ಮನೆಗೆ ಹೋಗುವಾಗ ಅವನು ಸೀಟಿ ಹೊಡೆದನೆಂದು ವಾಚಮನ್ ಇವತ್ತಿಗೂ ಹೇಳುತ್ತಾನೆ.

ಮನೆಯಲ್ಲಿ ಅಪ್ಪ ಬಂದು ಕೂತಿದ್ದ. ತಂಗೆವ್ವ ಬಡಿಸುತ್ತಿದ್ದಾಗ ಲಗಮಣ್ಣ ಅವನಿಗೆ ತಿಳಿಯುವಂತೆ, ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಕುರಿ ಹೊಡೆದಂತೆ, ಎಣಿಸಿದೆ, ಒಂದೂ ತಪ್ಪಿಲ್ಲ ಎಂದ. ಕರೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವರ ಮಂದಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬುದು ನಂಬಿಕೆ, ಎಣಿಸುವವನು ಸೋಮಾರಿ ಎಂಬುದು ಅದರ ಹಿಂದಿನ ಬುದ್ಧಿ.

“ಎಣಿಸಿದ್ರ ಏನ್ ಬಂತು? ಒಂದೊಂದರ ಮಾರಿ ನೋಡೀಯೇನು?”

ಲಗಮಣ್ಣ ನಕ್ಕುಬಿಟ್ಟ. ಕಂಪ್ಯೂಟರಿನಲ್ಲಿ ಮುಖ ಎಲ್ಲಿಂದ ಬರಬೇಕು ಅಪ್ಪಾ ಅಂದ. ಅಷ್ಟೊಂದು ಫೈಲು ತೆರೆದು ನೋಡಲು ತಿಂಗಳು ಬೇಕಿತ್ತು ಎಂಬುದು ಖರೆ. ಆದರೆ ಇಷ್ಟು ನಿಧಾನದ ಮನುಷ್ಯ ಆ ಒಂದು ಕಡೆ ಅವಸರ ಮಾಡಿದ ಎಂಬುದೂ ಖರೆ.

ಒಂದು ತಿಂಗಳ ಮೇಲೆ ಹತ್ತು ದಿನ ಹೊಸ ಯಂತ್ರ ಒಂದು ಸಲವೂ ತಕರಾರು ಮಾಡಲಿಲ್ಲ. ಕರೆಂಟು ಹೋಗಿ ಬಂದರೆ ಎರಡು ನಿಮಿಷದಲ್ಲಿ ಎದ್ದು ಕೂಡುವುದು. ಪೆನ್ ಡ್ರೈವಿನ ರೋಗ ಅದರ ಹತ್ತಿರವೂ ಸುಳಿಯಲಿಲ್ಲ. ಮಹಾನವಮಿಯ ಖಂಡೆಪೂಜೆಗೆ ಅಕ್ಕಂದಿರಿಬ್ಬರಿಗೂ ಚೆಂಡುಹೂವಿನ ಮಾಲೆ ಹಾಕಿ ಬೀಳ್ಕೊಟ್ಟರು. ಮರುದಿನ ಹಳೆ ಸಾಮಾನು ಕೊಳ್ಳುವ ಮೋಡಕಾದವನು ಬರುವವನಿದ್ದ. ದಡಿಗಳಿದ್ದ ಡಿಸ್ಕು ಹಾಗೇ ಹೋದರೆ ಎಂಟು ದಿನದಲ್ಲಿ ಬನಹಟ್ಟಿಯ ಇನ್ಯಾವುದೋ ಓಣಿಯಲ್ಲಿ ನಮ್ಮ ಗಿಣಿಗಳು ಹಾರುತ್ತವೆ ಎಂದು ಲಗಮಣ್ಣನಿಗೆ ಗೊತ್ತಿತ್ತು. ಅದಕ್ಕೇ ಎರಡೂ ಡಿಸ್ಕುಗಳ ಮೇಲೆ ಮೊದಲಿನಿಂದ ಕಡೆತನಕ ಬರೀ ಸೊನ್ನೆ ಬರೆಸಿದ, ಒಂದಲ್ಲ, ಎರಡು ಸಲ. ಆಮೇಲೆ ಬಿಚ್ಚಿ ಒಳಗಿನ ತಟ್ಟೆಗಳಿಗೆ ಮೊಳೆ ಹೊಡೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ದೀಪಾವಳಿ ಮುಗಿದ ಮೇಲೆ ಪಾಂಡಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದ. ಅವನು ಹೋದ ಮೂರನೇ ದಿನ ಸೊಲ್ಲಾಪುರದ ಕಡೆಯ ವ್ಯಾಪಾರಿಯೊಬ್ಬ ಹಳೆಯ ಗಿಣಿ ದಡಿ ಬೇಕು ಎಂದ. ಪಾಂಡಪ್ಪನ ದಡಿ, ಎರಡು ಸಾವಿರದ ಒಂದನೇ ಇಸವಿಯದು. ಮಾಸ್ತರ ಬರಲಿ ಎಂದರೆ ವ್ಯಾಪಾರಿ ಕೇಳಲಿಲ್ಲ. ಸಾಹುಕಾರರು ಲಗಮಣ್ಣನಿಗೆ ನೀನೇ ತೆಗೆದು ಕಾರ್ಡ್ ಹೊಡೆ ಎಂದರು. ಫೈಲು ತೆರೆಯಿತು, ಕಾರ್ಡೂ ಬಂದವು, ಮಗ್ಗವೂ ನಡೆಯಿತು. ಮೊದಲ ಗೇಣು ನೇಯುವಷ್ಟರಲ್ಲಿ ನೇಕಾರ ಮಗ್ಗ ನಿಲ್ಲಿಸಿ ಲಗಮಣ್ಣನನ್ನು ಕರೆಸಿದ. ಸಾಲು ಸಾಲು ಗಿಣಿ ಕೂತಿದ್ದವು. ಒಂದಕ್ಕೂ ಕುತ್ತಿಗೆ ಇರಲಿಲ್ಲ. ತಲೆ ನೇರ ಬೆನ್ನಿನ ಮೇಲೆ, ಚಳಿಗೆ ಮುದುರಿದಂತೆ.

ಲಗಮಣ್ಣ ಓಡಿಹೋಗಿ ಫೈಲು ನೋಡಿದ. ಎಂಟು ಗೆರೆ ಇರಲಿಲ್ಲ. ಪಾಂಡಪ್ಪನ ಇನ್ನೊಂದು ದಡಿ ತೆರೆದ. ಅದರಲ್ಲೂ ಎಂಟು ಗೆರೆ ಇಲ್ಲ. ಮತ್ತೊಂದು, ಇನ್ನೊಂದು. ಮಧ್ಯಾಹ್ನದ ರೊಟ್ಟಿ ಬಿಟ್ಟು ನೂರಾ ಎಂಬತ್ತಾರನ್ನೂ ತೆರೆದ, ಈಗ ಒಂದೊಂದರ ಮುಖ ನೋಡಿದ. ಹೋಲಿಸಲು ತೆರೆದ ಬೇರೆ ಊರಿನ ದಡಿಗಳೆಲ್ಲ ಸರಿಯಾಗಿದ್ದವು. ಪಾಂಡಪ್ಪ ತಲೆಯಿಂದ ಬರೆದವು ಮಾತ್ರ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಸಾಗಿಸುವಾಗ ತಾನೇ ಎಲ್ಲೋ ಕೆಡಿಸಿದೆ, ಮರಳಿ ನೋಡೋಣವೆಂದರೆ ಮೊಳೆಯನ್ನೂ ತಾನೇ ಹೊಡೆದಿದ್ದೇನೆ ಎಂದುಕೊಂಡ. ಹೊಸ ಯಂತ್ರದಿಂದ ಬರೆದಿಟ್ಟ ಬ್ಯಾಕಪ್ ಸಿಡಿಗಳಲ್ಲೂ ಅದೇ ಕುತ್ತಿಗೆಯಿಲ್ಲದ ಗಿಣಿ.

ಅವನು ನೇರ ಸಾಹುಕಾರರ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದ. ಕೊಟ್ಟ ಮಾತನ್ನೂ ತಾನೇ ನೆನಪಿಸಿದ. ಸಾಹುಕಾರರು, ಮಾಸ್ತರ ಬರಲಿ, ಅಲ್ಲಿತನಕ ಎಲ್ಲಿಗೂ ಹೋಗಬೇಡ ಎಂದರು. ಬೈದಿದ್ದರೆ ಲಗಮಣ್ಣನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಪಾಂಡಪ್ಪ ನಾಲ್ಕನೇ ದಿನ ಬಂದ. ಒಂದು ಕಣ್ಣಿಗೆ ಹಸಿರು ಪಟ್ಟಿ, ಕೈಯಲ್ಲಿ ಔಷಧದ ಬಾಟಲಿ. ಮಗ್ಗದ ಮೇಲಿನ ತುಂಡು ನೋಡಿದ, ಕೈಯಿಂದ ಸವರಿದ, ಹೋಗಿ ಸಾಹುಕಾರರ ಬಾಗಿಲಲ್ಲಿ ನಿಂತ. ಲಗಮಣ್ಣ ಒಳಗೇ ಇದ್ದ.

“ತಪ್ಪು ನಿಂದಲ್ಲ ಲಗಮಾ,” ಅಂದ ಪಾಂಡಪ್ಪ. “ಕುತ್ತಿಗಿ ಕೊಯ್ದಾಂವ ನಾನು.”

ಆಮೇಲೆ ಅವನು ಹೇಳಿದ್ದು ಇಷ್ಟು. ಕಂಪ್ಯೂಟರ್ ಬರುವ ಮೊದಲು, ಅವನ ಮೊದಲ ಒಳ್ಳೆಯ ದಡಿಯನ್ನು ಯಾರೋ ಕಾರ್ಡ್ ಸಮೇತ ಕದ್ದು ಎಂಟೇ ದಿನಕ್ಕೆ ಪಕ್ಕದ ಓಣಿಯಲ್ಲಿ ನೇಯ್ದು ಮಾರಿದ್ದರು. ಅಂದಿನಿಂದ ಮಗ್ಗದಿಂದ ಇಳಿಸಿದ ಪ್ರತಿ ಕಾರ್ಡಿನ ಸಾಲಿನಿಂದ ಜೀವದ ಜಾಗದ ಎಂಟು ಪಟ್ಟಿ ಬಿಚ್ಚಿ, ರೊಟ್ಟಿ ಚೀಲದಲ್ಲಿಟ್ಟುಕೊಂಡು ಮನೆಗೊಯ್ಯುತ್ತಿದ್ದ. ಕದ್ದವನಿಗೆ ಕುತ್ತಿಗೆಯಿಲ್ಲದ ಗಿಣಿಯೇ ಸಿಗಲಿ ಎಂದು. ರಬಕವಿಯ ಹಳೆ ಮಾಸ್ತರರಲ್ಲಿ ಇಂಥ ಒಂದೊಂದು ಗುಟ್ಟು ಎಲ್ಲರಿಗೂ ಇತ್ತು. ಕಂಪ್ಯೂಟರ್ ಬಂದ ಮೇಲೂ ಅವನು ರೂಢಿ ಬಿಡಲಿಲ್ಲ. ಪ್ರತಿ ದಡಿಯಿಂದ ಎಂಟು ಗೆರೆ ಕತ್ತರಿಸಿ, ದೊಡ್ಡಕ್ಕನಲ್ಲಿ ಯಾರ ಕಣ್ಣಿಗೂ ಬೀಳದಂತೆ ಅಡಗಿಸಿದ ಒಂದು ಫೋಲ್ಡರಿನಲ್ಲಿ ಇಟ್ಟಿದ್ದ. ಕಾರ್ಡ್ ಬೇಕಾದಾಗ ಜೋಡಿಸಿ ಕೊಡುವುದು, ಮತ್ತೆ ಕತ್ತರಿಸುವುದು. ಅಡಗಿಸುವುದು ಹೇಗೆ ಎಂದು ಯಾವುದೋ ಕಂಪ್ಯೂಟರ್ ಕ್ಲಾಸಿನವರಿಂದ ಕಲಿತು ಬಂದಿದ್ದನಂತೆ. ಲಗಮಣ್ಣ ಪರದೆಯಲ್ಲಿ ಕಂಡ ಫೋಲ್ಡರುಗಳನ್ನು ಸಾಗಿಸಿದ, ಕಾಣದ್ದು ಅಲ್ಲೇ ಉಳಿಯಿತು, ಮೊಳೆ ತಿಂದಿತು. ಎಲ್ಲ ಬಂದಿವೆ ಎಂದು ಲಗಮಣ್ಣ ಹೇಳಿದಾಗ ಎಲ್ಲ ಅಂದರೆ ಎಲ್ಲ ಎಂದೇ ಮಾಸ್ತರ ನಂಬಿದ್ದ. ಈ ನಡುವೆ ಅವನ ದಡಿಯ ಕಾರ್ಡ್ ಯಾರೂ ಕೇಳಿರಲಿಲ್ಲ, ಪರದೆ ಮಂಜಾಗಿ ಕಾಣುತ್ತಿದ್ದ ಕಣ್ಣಿಗೆ ಹುಡುಕಿ ನೋಡುವ ಉಮೇದೂ ಇರಲಿಲ್ಲ.

ಸಾಹುಕಾರರು ಹಳೆ ಕಾಗದಗಳನ್ನು, ಹಳೆ ಕಾರ್ಡುಗಳನ್ನು, ಮಾದರಿ ತುಂಡುಗಳನ್ನು ಕೇಳಿದರು. ಕೇಳಿ ತಾವೇ ನಾಲಿಗೆ ಕಚ್ಚಿಕೊಂಡರು. ಎರಡು ಸಾವಿರದ ಐದರ ನೆರೆಯಲ್ಲಿ ಕೃಷ್ಣೆ ಗೋದಾಮಿನೊಳಗೆ ಬಂದು ಹೋದಾಗ ಅವೆಲ್ಲ ಕೊಳೆತು ಗೊಬ್ಬರವಾಗಿದ್ದವು. ನೆರೆಯ ನಂತರದವು ಒಂದಿಪ್ಪತ್ತು ಇದ್ದವು. ಮಾಸ್ತರ ಮನೆಗೊಯ್ದ ಪಟ್ಟಿಗಳು ಕಂಪ್ಯೂಟರ್ ಬಂದ ಮೇಲೆ ಬೇಡವಾಗಿ ಒಲೆ ಸೇರಿದ್ದವು. ಪಾಂಡಪ್ಪನಿಗೆ ಬಾಯಿಪಾಠ ಇದ್ದದ್ದು ಹನ್ನೆರಡೋ ಹದಿಮೂರೋ. ಒಂದೊಂದು ದಡಿಗೆ ನೂರಾರು ತೂತು, ಯಾರ ತಲೆಯಲ್ಲಿ ನಿಂತೀತು?

ಆ ದಿನ ಲಗಮಣ್ಣ ಊಟಕ್ಕೆ ಮನೆಗೆ ಹೋಗಿ, ಉಣ್ಣದೆ, ತಂಗೆವ್ವನಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳುತ್ತ ಕೇಳುತ್ತ ಎದ್ದುಹೋಗಿ ಟ್ರಂಕು ತೆರೆದು ಮದುವೆಯ ಸೀರೆ ತಂದಳು. ಅವರ ಮದುವೆ ಆದದ್ದು ಎರಡು ಸಾವಿರದ ಒಂದರಲ್ಲಿ.

“ಗಿಣಿ ಕುತ್ತಿಗಿ ಹುಡುಕಾಕತ್ತೀರಿ ಹೌದಿಲ್ಲೋ? ಇಲ್ಲೈತಿ ನೋಡ್ರಿ. ನೇಯ್ದ ಸೀರಿ ಎಲ್ಲಿ ಹೋಗ್ತಾವು? ಉಟ್ಟವರ ಮನ್ಯಾಗ ಇರ್ತಾವು.”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ. ಇಡೀ ಕಂಪನಿ, ಅದರ ಎರಡು ಸರ್ವರು, ನಲವತ್ತು ಸಿಡಿ ಕಳೆದುಕೊಂಡದ್ದನ್ನು ರಬಕವಿ, ಬನಹಟ್ಟಿ, ತೇರದಾಳದ ಹೆಂಗಸರು ಡಾಂಬರ್ ಗುಳಿಗೆ ಹಾಕಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ಲಗಮಣ್ಣನ ಜೀವನದ ಒಳ್ಳೆಯ ಕಾಲ. ಅವನೇ ಹಾಗನ್ನುತ್ತಾನೆ. ಮನೆ ಮನೆಗೆ ಹೋಗಿ ಹಳೆ ಸೀರೆ ನೋಡುವುದು, ಮುಂದಾಳು ತಂಗೆವ್ವ. ಮಂಗಳವಾರ, ಶುಕ್ರವಾರ ಹೋಗುವಂತಿಲ್ಲ, ಆ ದಿನ ಯಾವ ಹೆಂಗಸೂ ಟ್ರಂಕಿನಿಂದ ಅರಿವೆ ಹೊರಗೆ ಕೊಡುವುದಿಲ್ಲ. ಸೀರೆ ಕಂಪನಿಗೆ ತರುತ್ತೇವೆ ಎನ್ನುವಂತಿಲ್ಲ, ಅವರ ಕಟ್ಟೆಯ ಮೇಲೆ ಅವರ ಕಣ್ಣೆದುರಿಗೇ ನೋಡಿ ಮಡಚಿ ಕೊಡಬೇಕು. ಪಾಂಡಪ್ಪ ಭೂತಗನ್ನಡಿ ಹಿಡಿದು ದಡಿಯ ಮೇಲೆ ಬಗ್ಗಿ, ಎರಡು ಎತ್ತು, ಒಂದು ಬಿಡು, ಮೂರು ಎತ್ತು ಎಂದು ಹೇಳುತ್ತ ಹೋಗುವನು. ಲಗಮಣ್ಣ ಚೌಕಳಿ ಪುಸ್ತಕದಲ್ಲಿ ಕಪ್ಪು ತುಂಬುತ್ತ ಹೋಗುವನು. ಹೊತ್ತು ಹೊತ್ತಿಗೆ ಮಾಸ್ತರನ ಕಣ್ಣಿಗೆ ಔಷಧ ಹಾಕುವುದು ತಂಗೆವ್ವನ ಪಾಲು.

ದಡಿಯ ನಂಬರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಗಸರ ಲೆಕ್ಕವೇ ಬೇರೆ. ಅದು ನಮ್ಮ ಎಮ್ಮೆ ಎರಡನೇ ಸೂಲು ಈದ ವರ್ಷದ್ದು, ಇದು ಮೈದುನನ ಮದುವೆಯಲ್ಲಿ ನಾದಿನಿ ಮುನಿಸಿಕೊಂಡು ಬಿಟ್ಟುಹೋದದ್ದು. ಬನಹಟ್ಟಿಯ ಒಬ್ಬಾಕೆ ಹಳೆ ಸೀರೆಗಳನ್ನೆಲ್ಲ ಕೌದಿ ಹೊಲಿದುಬಿಟ್ಟಿದ್ದಳು. ಆ ಒಂದೇ ಕೌದಿಯಲ್ಲಿ ಏಳು ದಡಿ ಸಿಕ್ಕವು. ತೇರದಾಳದಲ್ಲಿ ಒಂದು ಸೀರೆ ಕೂಸಿನ ಜೋಳಿಗೆಯಾಗಿ ತೊಲೆಗೆ ತೂಗುತ್ತಿತ್ತು. ಕೂಸು ಏಳುವತನಕ ಮೂವರೂ ಎರಡು ತಾಸು ಕಾದರು, ಆ ಮನೆಯವರು ಚುರಮುರಿ, ಚಹಾ ಕೊಟ್ಟು ಉಪಚರಿಸಿದರು.

ಪಾಂಡಪ್ಪನೂ ಬದಲಾದ. ಪೊರೆ ತೆಗೆದ ಕಣ್ಣಿಗೆ ಬಣ್ಣಗಳು ಹೊಸದಾಗಿ ಕಾಣತೊಡಗಿದ್ದವು. ಇಷ್ಟು ವರ್ಷ ಹಳದಿ ಅಂದುಕೊಂಡದ್ದು ಬಿಳಿ ಎಂದು ತಿಳಿದು ಅವನು ಕೂತಲ್ಲೇ ನಕ್ಕ. ಅದಕ್ಕಿಂತ ದೊಡ್ಡದು, ನಲವತ್ತು ವರ್ಷ ದಡಿ ಬರೆದ ಮನುಷ್ಯ ತನ್ನ ಸೀರೆ ಉಟ್ಟವರನ್ನು ಎದುರು ಕೂತು ನೋಡಿದ್ದು ಇದೇ ಮೊದಲು. ಕದಿಯುವವರನ್ನು ನೆನೆಸಿಕೊಂಡೇ ಆಯುಷ್ಯ ಕಳೆದೆ, ಉಡುವವರನ್ನು ನೆನೆಸಲೇ ಇಲ್ಲ ಎಂದು ಒಂದು ದಿನ ತಂಗೆವ್ವನ ಮುಂದೆ ಬಾಯಿಬಿಟ್ಟು ಅಂದ. ಸಿಕ್ಕ ದಡಿಗಳನ್ನು ಲಗಮಣ್ಣ ಹೊಸ ಯಂತ್ರಕ್ಕೆ ಏರಿಸುವಾಗ ಮಾಸ್ತರ ಅಡ್ಡ ನಿಲ್ಲಲಿಲ್ಲ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಎಂಟು ಗೆರೆಗಳನ್ನು ಮತ್ತೆ ಕತ್ತರಿಸಲೂ ಇಲ್ಲ.

ಯುಗಾದಿಗೆ ವಾರ ಉಳಿದಾಗ ನೂರಾ ಎಂಬತ್ತೈದು ದಡಿಗಳಿಗೆ ಜೀವ ಬಂದಿತ್ತು. ಉಳಿದದ್ದು ಒಂದೇ, ನಲವತ್ತೇಳನೇ ನಂಬರಿನದು. ಜೋಳದ ತೆನೆಗಳ ಸಾಲು. ತೆನೆ ತುಂಬಿ ಬಾಗುವ ಜಾಗದಲ್ಲೇ ಎಂಟು ಗೆರೆ ಇಲ್ಲದೆ, ಕಾಳೆಲ್ಲ ಒಂದು ಕಡೆ, ದಂಟೆಲ್ಲ ಒಂದು ಕಡೆ. ಲಗಮಣ್ಣ ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು ನಾಲ್ಕೂರು ತಿರುಗಿದ. ಬೀಳಗಿಯಲ್ಲಿದ್ದ ತಂಗೆವ್ವನ ಅಕ್ಕನ ಓಣಿಯನ್ನೂ ಮುಧೋಳದ ಸಂತೆಯನ್ನೂ ಬಿಡಲಿಲ್ಲ. ಇಂಥ ದಡಿ ಕಂಡೇ ಇಲ್ಲ ಎಂದರು ಎಲ್ಲರೂ. ಪಾಂಡಪ್ಪನನ್ನು ಕೇಳಿದರೆ ಆಮೇಲೆ ನೋಡೋಣ ಎಂದು ಮಾತು ತಿರುಗಿಸುವನು.

ಮಾಸ್ತರನ ಕೆಲಸದ ಕೊನೆಯ ದಿನ ಬಂತು. ಲಗಮಣ್ಣ ಸ್ನಾನ ಮಾಡಿ, ಬೀರಪ್ಪನಿಗೆ ಕೈಮುಗಿದು, ಹಿಂದಿನ ಕೋಣೆಯ ಬೀಗದ ಕೈ ಮತ್ತು ದಡಿಗಳ ಪಟ್ಟಿ ಹಿಡಿದು ಸಾಹುಕಾರರ ಕೋಣೆಗೆ ಹೋದ. ಪಾಂಡಪ್ಪ ಅಲ್ಲೇ ಕೂತಿದ್ದ. ಲಗಮಣ್ಣ ಎರಡನ್ನೂ ಮೇಜಿನ ಮೇಲಿಟ್ಟು, ನೂರಾ ಎಂಬತ್ತೈದು ಬಂದವು, ಒಂದು ಕಳೆಯಿತು, ನಾಳೆ ಚಿಮ್ಮಡಕ್ಕೆ ಹೋಗುತ್ತೇನೆ ಎಂದ. ಅವನಿಗೆ ಈ ಕೆಲಸ ಎಷ್ಟು ಪ್ರೀತಿ ಎಂಬುದು ಅವನಿಗೇ ಆ ಮಾತು ಆಡುವಾಗ ತಿಳಿಯಿತು. ಸಾಹುಕಾರರಿಗೆ ಅವನನ್ನು ಕಳಿಸುವ ಮನಸ್ಸಿಲ್ಲ, ಆದರೆ ಕುರುಬರ ಮಾತು ಎಂಥದ್ದೆಂದು ಅವರೂ ಬಲ್ಲರು. ಬೀಗದ ಕೈಯನ್ನು ಅತ್ತಿತ್ತ ಸರಿಸಿದರು.

ಪಾಂಡಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ.

“ಅದು ಕಳದಿಲ್ಲ ಲಗಮಾ. ಎಲ್ಲೈತಿ ಅನ್ನೂದು ನನಗ ಗೊತ್ತೈತಿ. ಅದನ್ನ ನಾ ಒಂದ ಸೀರಿ ನೇಯ್ಸಿದ್ದು, ನಮ್ಮ ರತ್ನಾಬಾಯಿಗೆ. ಹೊಲದಾಗ ಅದನ್ನ ಉಟ್ಕೊಂಡ ಕುಂತಾಳ.”

ಪಾಂಡಪ್ಪನ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಲಗಮಣ್ಣನೂ ಆ ದಿನ ಹೋಗಿದ್ದ. ಹೂವು, ವಿಭೂತಿಗಳ ನಡುವೆ ಸೀರೆಯ ಅಂಚು ಯಾರು ನೋಡುತ್ತಾರೆ?

ಸಾಹುಕಾರರು ಮೆಲ್ಲಗೆ, ಆ ಎಂಟು ಗೆರೆ ಮಾಸ್ತರರಿಗೆ ನೆನಪಿವೆಯೇ ಎಂದು ಕೇಳಿದರು. ನೆನಪಿವೆ, ಕಣ್ಣು ಮುಚ್ಚಿದರೂ ಬರೆಯಬಲ್ಲೆ, ಆದರೆ ಬರೆಯುವುದಿಲ್ಲ ಎಂದ ಪಾಂಡಪ್ಪ. ಸಾಹುಕಾರರು ಪಟ್ಟಿಯನ್ನು ಎಳೆದುಕೊಂಡು, ನಲವತ್ತೇಳರ ಮುಂದೆ ‘ಇದೆ’ ಎಂದು ಬರೆದರು. ಬೀಗದ ಕೈ ಲಗಮಣ್ಣನ ಕಡೆ ದೂಡಿದರು.

“ಕೇಳಿದಿ ಹೌದಿಲ್ಲೋ? ಕಳದಿಲ್ಲಂತ. ಹೋಗು, ಕೆಲಸ ನೋಡು.”

ಲಗಮಣ್ಣ ಮಾಸ್ತರನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂಡಿಸಿದ. ಲಿನಕ್ಸಿನ ಒಂದು ರೂಢಿ ಅಂದರೆ, ಅದರಲ್ಲಿ ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ ಇರಲೇಬೇಕು. ಒಡೆಯ ಬೇಡ ಎಂದರೆ ಬೇರೆಯವರು ಅದನ್ನು ಓದಲಾಗದು, ತಿದ್ದಲಾಗದು. ಯಂತ್ರ ನೋಡಿಕೊಳ್ಳುವ ಲಗಮಣ್ಣ ಮನಸ್ಸು ಮಾಡಿದರೆ ತೆರೆಯಬಹುದು, ಆದರೆ ಇವತ್ತಿಗೂ ಅವನು ಮನಸ್ಸು ಮಾಡಿಲ್ಲ. ಆ ದಿನ ಅವನು ಯಂತ್ರದಲ್ಲಿ ರತ್ನಾಬಾಯಿ ಎಂಬ ಹೊಸ ಹೆಸರು ಸೇರಿಸಿ, ತೆನೆಗಳ ಆ ಫೈಲನ್ನು ಇದ್ದ ಹಾಗೇ ಅವಳ ಹೆಸರಿಗೆ ಮಾಡಿ, ಉಳಿದವರಿಗೆಲ್ಲ ಮುಚ್ಚಿದ. ಮಾಡಿದ್ದೇನೆಂದು ಮಾಸ್ತರನಿಗೆ ಬಿಡಿಸಿ ಹೇಳಿದ. ಪಾಂಡಪ್ಪ ಪರದೆಗೆ ಮುಖ ಹತ್ತಿರ ಮಾಡಿ ಹೆಂಡತಿಯ ಹೆಸರನ್ನು ಬಹಳ ಹೊತ್ತು ನೋಡಿದ.

“ಅಕಿ ಒಬ್ಬಾಕಿನ ತಗೀಬೇಕೇನು?”

“ಹೂನ್ರಿ ಮಾಸ್ತರ. ಅಕಿ ಒಬ್ಬಾಕಿನ.”

“ಛಲೋ ಆತು ಬಿಡು,” ಅಂದ ಪಾಂಡಪ್ಪ. “ತನ್ನ ಸೀರಿ ಮತ್ತೊಬ್ಬಾಕಿ ಉಟ್ರ ಅಕಿಗೆ ಸೇರ್ತಿದ್ದಿಲ್ಲ.”